ತೂತಿನ ತಟ್ಟೆ

ಉಗ್ರಪ್ಪನ ಕಷ್ಟ ಶುರುವಾದದ್ದು ಒಂದೇ ಒಂದು ಮಾತಿನಿಂದ. ಬೆಳಿಗ್ಗೆ ಜೀಪು ಹತ್ತುವ ಆತುರದಲ್ಲಿ ಸಂಶೋಧನಾ ವಿದ್ಯಾರ್ಥಿನಿ ಸ್ವಪ್ನ ಹೇಳಿಹೋಗಿದ್ದಳು: “ಉಗ್ರಪ್ಪಣ್ಣ, ತೂತು ಬಿದ್ದಿರೋ ತಟ್ಟೆಗಳ್ನ ಬೇರೆ ತೆಗ್ದಿಡಿ.”

ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನ ಅಂಚಿನಲ್ಲಿ ವಿಶ್ವವಿದ್ಯಾಲಯದ ಪ್ರಯೋಗಾಲಯವಿದೆ. ಕುರಿ ಕೂಡುವ ರೊಪ್ಪದ ಮಣ್ಣಿನ ಬ್ಯಾಕ್ಟೀರಿಯಾಕ್ಕೂ ಅವನ್ನು ತಿನ್ನುವ ವೈರಸ್ಸಿಗೂ ನಡೆಯುವ ಜಗಳವನ್ನು ಅಲ್ಲಿ ಅಧ್ಯಯನ ಮಾಡುತ್ತಾರೆ. ಅಂಗೈಯಗಲದ ತಟ್ಟೆಗಳಲ್ಲಿ ಗಂಜಿಯಂಥದ್ದನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ತೆಳು ಪದರವಾಗಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ; ತೂತು ಬೀಳುವುದು ಆ ಪದರದಲ್ಲಿ. ಉಗ್ರಪ್ಪ ಅಲ್ಲಿ ಪಾತ್ರೆ ತೊಳೆಯುವ ಸಹಾಯಕ. ಹೆಸರಷ್ಟೇ ಉಗ್ರ, ಬೆಕ್ಕು ಸೀನಿದರೂ ಬೆಚ್ಚುವ ಮನುಷ್ಯ. ಅವನ ಆರು ತಿಂಗಳ ಪರೀಕ್ಷಾ ಅವಧಿ ಅಂದಿಗೆ ಮುಗಿದು, ಕೆಲಸ ಕಾಯಂ ಆಗಬೇಕಿತ್ತು.

ಅವನು ಹುಟ್ಟಿ ಬೆಳೆದದ್ದು ಕಂಬಳಿ ನೇಯುವ ಮನೆಯಲ್ಲಿ. ಅವ್ವ ಸೂರಮ್ಮ ಕಂಬಳಿಯನ್ನು ಬಿಸಿಲಿಗೆ ಹಿಡಿದು, ಒಂದು ತೂತು ಕಂಡರೂ “ಬ್ಯಾರೆ ತೆಗ್ದಿಡು” ಅನ್ನುತ್ತಿದ್ದಳು. ಅಂದರೆ ಸಂತೆಗೆ ಹೋಗದ ಮಾಲು. ಹಾಗಾಗಿ ಉಗ್ರಪ್ಪ ಇಪ್ಪತ್ತು ತೂತಿನ ತಟ್ಟೆಗಳನ್ನು ಕಸದ ಕೆಂಪು ಚೀಲಕ್ಕೆ ತುಂಬಿ, ತೂತಿಲ್ಲದ ಹತ್ತನ್ನು ಮದುವಣಗಿತ್ತಿಯರ ಹಾಗೆ ಮೇಜಿನ ಮೇಲೆ ಕೂರಿಸಿದ. ಗುಡಿಸಲು ಬಂದ ಕ್ಯಾತಮ್ಮ ಚೀಲ ಎತ್ತಿಕೊಂಡು ಹೋದಳು.

ಹತ್ತು ಗಂಟೆಗೆ ಸ್ವಪ್ನಳ ಫೋನು ಬಂತು.

“ಉಗ್ರಪ್ಪಣ್ಣ, ತೂತಿನ ತಟ್ಟೆ ಹುಷಾರು ಕಣ್ರಿ! ಒಂದೊಂದು ತೂತೂ ವೈರಸ್ಸು ಬ್ಯಾಕ್ಟೀರಿಯಾನ ತಿಂದಿರೋ ಗುರುತು. ನನ್ನ ಆರು ತಿಂಗಳ ಕೆಲ್ಸ ಅದ್ರಾಗೇ ಐತೆ. ಮೊಳಕಾಲ್ಮೂರಿಂದ ವಾಪಸ್ ಬರ್ತಾ ಇದೀವಿ, ಚಳ್ಳಕೆರೆ ದಾಟಿದ್ವಿ. ನಿಮ್ಮ ಕಾಯಂ ಕಾಗದಾನೂ ಮೇಡಂ ಬ್ಯಾಗ್‌ನಾಗೇ ಐತೆ!”

ಉಗ್ರಪ್ಪ ಫೋನು ಅಲ್ಲೇ ಬಿಟ್ಟ. ಹಿತ್ತಲ ಕಡೆಗೆ ಓಡಿದ. ಅಲ್ಲಿ ಕಸವನ್ನು ಬೇಯಿಸಿ ಕ್ರಿಮಿ ಕೊಲ್ಲುವ ದೊಡ್ಡ ಹಬೆಯಂತ್ರ ಬುಸುಗುಡುತ್ತಿತ್ತು. ಅದನ್ನು ನೋಡಿಕೊಳ್ಳುವ ಸೂರಪ್ಪ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದ.

“ಸೂರಣ್ಣ, ಕೆಂಪು ಚೀಲ ಎಲ್ಲೈತೆ?”

“ಒಳಗೆ. ಇಷ್ಟೊತ್ತಿಗೆ ಇಡ್ಲಿ ಬೆಂದಂಗೆ ಬೆಂದಿರ್ತೈತೆ.”

“ಬಾಗ್ಲು ತೆಗಿಯಣ್ಣ!”

“ಮುಖ ಸುಟ್ಕೊಂತೀಯೇನ್ಲೇ? ಇನ್ನ ಮುಕ್ಕಾಲು ಗಂಟೆ ಮುಟ್ಟಂಗಿಲ್ಲ.”

ಕ್ಯಾತಮ್ಮನನ್ನು ಕೂಗಿದ, ಎಲ್ಲೂ ಕಾಣಲಿಲ್ಲ. ಗೋಡೆಗೆ ಒರಗಿದವನ ಬೆವರು ಕಂಡು ಗುಮಾಸ್ತ ಕೃಷ್ಣಮೂರ್ತಿ ಬಂದ. ಊರಿನ ಉಸಾಬರಿಯೆಲ್ಲ ಅವನದೇ. ಕತೆ ಕೇಳಿ ಗಲ್ಲ ಕೆರೆದುಕೊಂಡ.

“ಅವರಿಗೆ ಬೇಕಿರೋದು ತೂತು ತಾನೆ? ಇನ್ನ ಹತ್ತು ತಟ್ಟೆ ಐತಲ್ಲ. ಸೂಜಿ ತಗಂಡು ಮಾಡು!”

“ತಪ್ಪಲ್ವೇನಣ್ಣ?”

“ಕೆಲ್ಸ ಹೋಗೋದು ಸರಿನಾ ಹಂಗಾದ್ರೆ?”

ಹೊರಗೆ ಯಾವುದೋ ಲಾರಿಯ ಹಾರನ್ನು ಕೇಳಿಸಿ, ಜೀಪೇ ಬಂತೆಂದು ಬೆಚ್ಚಿದ. ಉಗ್ರಪ್ಪ ಬಾಗಿಲಿಗೆ ಅಗುಳಿ ಹಾಕಿ, ಪ್ರಯೋಗಾಲಯದ ಸೂಜಿ ಹಿಡಿದ. ಹೆದರಿದ್ದರೂ ನೇಕಾರರ ಮನೆಯ ಕೈ ಕದಲಲಿಲ್ಲ. ಚುಚ್ಚಿದ, ಮತ್ತೆ ಚುಚ್ಚಿದ. ಹತ್ತನೆಯ ತಟ್ಟೆಯ ಮುಚ್ಚಳ ಮುಚ್ಚುವುದಕ್ಕೂ ಜೀಪು ನಿಲ್ಲುವುದಕ್ಕೂ ಸರಿಹೋಯಿತು.

ಅವನು ಅಗುಳಿ ತೆಗೆದದ್ದೇ ಪ್ರಯೋಗಾಲಯದ ಮುಖ್ಯಸ್ಥೆ ಪ್ರೇಮಲತಾ ಮೇಡಂ ಸ್ವಪ್ನಳೊಂದಿಗೆ ಒಳಗೆ ಬಂದು ಕನ್ನಡಕ ಏರಿಸಿದರು. “ತೂತಿನ ತಟ್ಟೆಗಳು ಎಲ್ಲಿ?”

ಉಗ್ರಪ್ಪ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕ್ಯಾತಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು.

“ಅವಾ? ತಣ್ಣನೆ ಪೆಟ್ಟಿಗ್ಯಾಗೆ ಇಟ್ಟೀನಮ್ಮ. ಕಸದ ಚೀಲ್ದಾಗಿದ್ವು. ಮ್ಯಾಲೆ ನಮ್ಮ ಸ್ವಪ್ನ ಮಗು ಹೆಸ್ರು ಬರ್ದಿತ್ತು. ಪಾಪ, ರಾತ್ರಿ ಹಗ್ಲು ಅದರ ಮುಂದೆ ಕುಂತಿರ್ತೈತೆ, ಬಿಸಾಕಕ್ಕೆ ಮನ್ಸು ಬರ್ಲಿಲ್ಲ. ಮಿಕ್ಕ ಕಸ ಮಾತ್ರ ಚೀಲ್ದಾಗೆ ಸೂರಪ್ಪಂಗೆ ಕೊಟ್ಟೆ.”

ಇಪ್ಪತ್ತೂ ತಟ್ಟೆ ಬಂದವು. ಉಗ್ರಪ್ಪನಿಗೆ ಕ್ಯಾತಮ್ಮನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಮೇಡಂ ಬ್ಯಾಗಿನಿಂದ ಕಾಗದ ತೆಗೆದು, ಪೆನ್ನಿನ ಮುಚ್ಚಳವನ್ನೂ ಬಿಚ್ಚಿದರು.

“ಹಾಗೇ ಮೇಜಿನ ಮೇಲಿರೋ ಆ ಹತ್ತನ್ನೂ ನೋಡಿಬಿಡೋಣ. ಅವುಗಳಿಗೆ ನಾವು ವೈರಸ್ ಹಾಕೇ ಇಲ್ಲ. ಬರೀ ಹೋಲಿಸಿ ನೋಡೋಕೆ ಇಟ್ಟಿದ್ದು. ಅದರಲ್ಲಿ ಒಂದೇ ಒಂದು ತೂತು ಬಂದ್ರೂ ನಮ್ಮ ಲೆಕ್ಕವೆಲ್ಲ ಸುಳ್ಳು.”

ಉಗ್ರಪ್ಪ ಮೇಜಿನ ಮೇಲಿದ್ದ ಸೂಜಿಯನ್ನು ಜೇಬಿಗೆ ತುರುಕಿದ.

ಸ್ವಪ್ನ ಮೊದಲ ತಟ್ಟೆ ಎತ್ತಿದಳು. ಮುಖ ಬಿಳಿಚಿತು. ಎರಡನೆಯದು, ಮೂರನೆಯದು. “ಮೇಡಂ... ಎಲ್ಲ ಹಾಳಾತು,” ಎಂದವಳ ಕಣ್ಣು ತುಂಬಿತು.

ಮೇಡಂ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಕೊನೆಗೆ ಕೇಳಿದರು: “ಅಡ್ಡಕ್ಕೆ ಆರು, ಉದ್ದಕ್ಕೆ ಆರು. ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ವೈರಸ್ಸಿಗೆ ಇಷ್ಟು ಶಿಸ್ತು ಕಲಿಸಿದವರು ಯಾರು?”

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕೃಷ್ಣಮೂರ್ತಿ ಮೆಲ್ಲಗೆ ಜಾರಿಕೊಂಡ. ಉಗ್ರಪ್ಪ ಸುಮ್ಮನಿರಬಹುದಿತ್ತು. ಆದರೆ ಸ್ವಪ್ನಳ ಕಣ್ಣೀರು ತಟ್ಟೆಯ ಮುಚ್ಚಳದ ಮೇಲೆ ಬಿತ್ತು.

“ನಾನೇ ಮೇಡಂ. ಸೂಜಿಯಿಂದ. ಆ ಹುಡ್ಗಿದೇನೂ ತಪ್ಪಿಲ್ಲ,” ಎಂದ.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. “ಹತ್ತು ತಟ್ಟೆ ಎರಡು ದಿನದಲ್ಲಿ ಮತ್ತೆ ಮಾಡಬಹುದು. ಈ ಕಾಗದ ಮಾತ್ರ ಇನ್ನೂ ಮೂರು ತಿಂಗಳು ನನ್ನ ಬ್ಯಾಗಲ್ಲೇ ಇರಲಿ. ಅಲ್ಲಿವರೆಗೆ ತೂತು ಎಣಿಸೋ ಕೆಲಸ ನಿಮ್ಮದು. ಅಷ್ಟು ಸ್ಥಿರವಾದ ಕೈ ನಮ್ಮಲ್ಲಿ ಬೇರೆ ಯಾರಿಗೂ ಇಲ್ಲ.”

ಸ್ವಪ್ನ ಕಣ್ಣೊರೆಸಿಕೊಂಡು ತನ್ನ ಕುರ್ಚಿಯನ್ನೇ ಅವನತ್ತ ಸರಿಸಿದಳು. ತನ್ನ ಪಾಲಿನ ಚಹಾವನ್ನೂ ಅವನ ಪಕ್ಕದಲ್ಲಿಟ್ಟಳು.

ಉಗ್ರಪ್ಪ ಎಣಿಸತೊಡಗಿದ. ವೈರಸ್ಸು ಮಾಡಿದ ಈ ತೂತುಗಳಿಗೆ ಸಾಲೂ ಇಲ್ಲ, ಅಳತೆಯೂ ಇಲ್ಲ. ಹರಳು ಚೆಲ್ಲಿದ ಹಾಗೆ. ಚಹಾ ಆರಿತು. ನಾಲ್ಕು ನೂರ ಹನ್ನೊಂದು, ಹನ್ನೆರಡು, ಹದಿಮೂರು...

ಬಾಗಿಲಲ್ಲಿ ಕೃಷ್ಣಮೂರ್ತಿಯ ತಲೆ ಇಣುಕಿತು. “ಏನ್ಲೇ ಉಗ್ರ, ಕಾಯಂ ಆತೇನೋ?”

ಉಗ್ರಪ್ಪ ತಲೆಯೆತ್ತಿದ. ಮತ್ತೆ ತಟ್ಟೆ ನೋಡಿದ. ಎಲ್ಲಿದ್ದೆ ಎಂಬುದೇ ಮರೆತುಹೋಗಿತ್ತು.

“ಒಂದು,” ಎಂದ.