ನನಗೆ ‘ಅತಿಥಿ’ ಪಾತ್ರ ಕೊಟ್ಟ ಡೇಟಾಬೇಸ್ ಮಹಾಶಯರಿಗೆ

ಹೋದ ಆಯುಧಪೂಜೆಯ ಕುಂಕುಮವನ್ನು ಇನ್ನೂ ಹಣೆಯಲ್ಲಿಟ್ಟುಕೊಂಡು ನಮ್ಮ ಕ್ಲಿನಿಕ್ಕಿನ ಮೂಲೆಯಲ್ಲಿ ವಿರಾಜಮಾನರಾಗಿರುವ ಮಾನ್ಯ ಡೇಟಾಬೇಸ್ ಮಹಾಶಯರ ಸನ್ನಿಧಿಗೆ, ಬಸವೇಶ್ವರನಗರದ ಇದೇ ಕ್ಲಿನಿಕ್ಕಿನಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸಾಗಿರುವ ಲಿಂಗಮ್ಮ ಮಾಡುವ ನಮಸ್ಕಾರಗಳು. ಕರೆಂಟು ಹೋದಾಗ ನಮ್ಮ ಫ್ಯಾನಿಗಿಂತ ಮೊದಲು ತಮಗೇ ಯುಪಿಎಸ್ ಸೇವೆ ಸಲ್ಲುವುದರಿಂದ ತಾವು ಕ್ಷೇಮವೆಂದೇ ಭಾವಿಸುತ್ತೇನೆ.

ಮಾನ್ಯರೇ, ತಾವು ದಯಮಾಡಿಸುವ ಮೊದಲು ರೋಗಿಗಳ ವಿವರವೆಲ್ಲ ನನ್ನದೊಂದು ದಪ್ಪ ನೋಟ್‌ಬುಕ್ಕಿನಲ್ಲಿತ್ತು. ಔಷಧ ಒಗ್ಗದವರ ಹೆಸರನ್ನು ಕೆಂಪು ಇಂಕಿನಲ್ಲಿ ಬರೆದಿಟ್ಟಿದ್ದೆ. ಅಂಥವರು ಹನ್ನೆರಡು ಜನ. ತಾವು ಬಂದಿರಿ, ನೋಟ್‌ಬುಕ್ಕು ಅಟ್ಟ ಸೇರಿತು, ಹನ್ನೆರಡೂ ಜನರ ಮುಂದೆ ‘ಅಲರ್ಜಿ: ಇಲ್ಲ’ ಎಂದು ಬಂತು. ಒಂದೇ ದಿನದಲ್ಲಿ ಇಷ್ಟು ಜನರನ್ನು ವಾಸಿಮಾಡಿದ ಧನ್ವಂತರಿಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ತಮ್ಮ ಬಾಗಿಲಿನ ಕಾವಲನ್ನೂ ಮೆಚ್ಚಲೇಬೇಕು. ಮುಂದೆ ನನ್ನ ಗುರುತು ಹಿಡಿಯಲೆಂದು ನನ್ನ ತಾಯಿಯ ಮನೆತನದ ಹೆಸರು ಕೇಳಿದಿರಿ. ಚಿಕ್ಕಗಂಗಮ್ಮನೆಂಬ ಆಕೆಗೆ ಮನೆತನವೆಂದು ಇದ್ದದ್ದು ಹೆಸರಿನ ಮುಂದಿನ ಒಂದು ‘ಟಿ’ ಮಾತ್ರ. ಕನಿಷ್ಠ ಮೂರಕ್ಷರ ಬೇಕೆಂದು ಅದನ್ನು ತಿರಸ್ಕರಿಸಿದಿರಿ. ‘ಟಿಟಿಟಿ’ ಎಂದು ಒತ್ತಿದೆ, ಸಂತೋಷದಿಂದ ಒಪ್ಪಿಕೊಂಡಿರಿ.

ಆಮೇಲೆ ಪಾತ್ರ ಹಂಚಿದಿರಿ. ನಮ್ಮ ಕೆಂಗೇರಿಯಲ್ಲಿ ಪೌರಾಣಿಕ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು ಕೂಡ ಬಂದವನಿಂದ ಒಂದು ಪದ್ಯ ಹಾಡಿಸಿ, ಕಂಠ ನೋಡಿಯೇ ಕೃಷ್ಣನೋ ಕಾವಲಿನವನೋ ಎಂದು ತೀರ್ಮಾನಿಸುತ್ತಿದ್ದರು. ತಾವು ಒಂದು ಪದ್ಯವನ್ನೂ ಕೇಳದೆ ನನ್ನನ್ನು ‘ಅತಿಥಿ’ ಮಾಡಿದಿರಿ. ಅತಿಥಿ ನೋಡಬಹುದು, ಬರೆಯುವಂತಿಲ್ಲ. ಇಪ್ಪತ್ತಾರು ವರ್ಷ ನೆಲ ಸವೆಸಿದ ಮನೆಯಲ್ಲಿ ನನ್ನನ್ನು ನೆಂಟಳೆಂದು ಕರೆದ ತಮ್ಮ ಸೌಜನ್ಯಕ್ಕೆ ಏನು ಹೇಳಲಿ.

ಹೋದ ಸೋಮವಾರ ಕಾಮಾಕ್ಷಿಪಾಳ್ಯದ ಕೆಂಪಯ್ಯನವರು ಕೀವಾದ ಕಾಲು ಎಳೆದುಕೊಂಡು ಬಂದರು. ಯಾವುದಾದರೂ ಔಷಧ ಒಗ್ಗುವುದಿಲ್ಲವೇ ಎಂದು ಹೊಸ ಡಾಕ್ಟರು ಯೋಗಾನಂದ ಅವರು ಕೇಳಿದರು. “ಅದೆಲ್ಲ ನಮ್ ಲಿಂಗಮ್ನೋರಿಗೆ ಗೊತ್ತು ಸಾರ್” ಎಂದರು ಕೆಂಪಯ್ಯ. ಡಾಕ್ಟರು ನನ್ನ ಮುಖ ನೋಡಲಿಲ್ಲ, ತಮ್ಮ ಮುಖ ನೋಡಿದರು. ತಾವು ‘ಇಲ್ಲ’ ಎಂದಿರಿ, ಅವರು ಪೆನ್ಸಿಲಿನ್ ಇಂಜೆಕ್ಷನ್ ಬರೆದರು. ಒಂಬತ್ತು ವರ್ಷದ ಹಿಂದೆ ಅದೇ ಇಂಜೆಕ್ಷನ್ನಿಗೆ ಗಂಟಲು ಊದಿ ಆ ಮನುಷ್ಯ ಇದೇ ಬೆಂಚಿನಿಂದ ಕೆಳಗೆ ಜಾರಿದ್ದನ್ನು ಕಂಡವಳು ನಾನು. ಕೊಡುವುದಿಲ್ಲವೆಂದು ಟ್ರೇ ಹಿಡಿದು ನಿಂತೆ. ಡಾಕ್ಟರು ಬೇರೆ ಔಷಧ ಬರೆದು, ಅಲರ್ಜಿಯ ವಿಷಯ ನೀವೇ ಹಾಕಿಬಿಡಿ ಸಿಸ್ಟರ್ ಎಂದರು. ಹಾಕಲು ಹೋದರೆ ತಾವು, ‘ನಿಮ್ಮ ಪಾತ್ರಕ್ಕೆ ಈ ಅಧಿಕಾರವಿಲ್ಲ’ ಎಂದಿರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಅಂದಿನಿಂದ ನೀವೇ ಹಾಕಿಬಿಡಿ ಎಂದು ಡಾಕ್ಟರನ್ನು ಮೂರು ಸಲ ಕೇಳಿದೆ. ಮೂರು ಸಲವೂ ಆಮೇಲೆ ಎಂದರು, ಹೊರಗೆ ಜನ ಕಾಯುತ್ತಿದ್ದರು.

ಬರುವ ಶನಿವಾರ ನಾನು ನಿವೃತ್ತಳಾಗುತ್ತೇನೆ. ಆಮೇಲೆ ಕೆಂಪಯ್ಯನವರು ಬಂದಾಗ ತಾವೇ ಎದ್ದು ಟ್ರೇ ಹಿಡಿದು ನಿಲ್ಲಬೇಕಾಗಿ ವಿನಂತಿ. ಅದು ಕಷ್ಟವಾದರೆ, ಅನುಮತಿಯಿಲ್ಲದೆ ಊದಿಕೊಳ್ಳದಂತೆ ಅವರ ಗಂಟಲಿಗೂ ಒಂದು ಪಾತ್ರ ದಯಪಾಲಿಸಿರಿ. ಎರಡೂ ಆಗದಿದ್ದರೆ ನನಗೊಂದು ಸಾಲು ಬರೆಯಲು ಬಿಡಿ, ಸ್ವಾಮೀ. ನನಗೆ ನಿಜಕ್ಕೂ ಹೆದರಿಕೆಯಾಗಿದೆ.

ನೋಡಲಷ್ಟೇ ಅನುಮತಿಯಿರುವ ತಮ್ಮ ವಿಶ್ವಾಸಿ,
ಲಿಂಗಮ್ಮ (ಅತಿಥಿ)

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಡಾಕ್ಟರು ತಮ್ಮ ಪರದೆಯನ್ನು ತೆರೆದಿಟ್ಟೇ ಕಾಫಿಗೆ ಹೋದರು. ಅವರ ಕುರ್ಚಿಯಲ್ಲಿ ಕೂತೆ. ತಾವು ‘ನಮಸ್ಕಾರ, ಡಾ. ಯೋಗಾನಂದ’ ಎಂದು ನನ್ನನ್ನೇ ಸ್ವಾಗತಿಸಿ, ಕೆಂಪಯ್ಯನವರ ಪೆನ್ಸಿಲಿನ್ ವಿಷಯವನ್ನು ಚಕಾರವೆತ್ತದೆ ಬರೆದುಕೊಂಡಿರಿ. ದೂರು ಕೊಡುವುದಾದರೆ ಅವರ ಮೇಲೆಯೇ ಕೊಡಿ; ಇರುವ ಒಬ್ಬ ಸಾಕ್ಷಿ ತಾವು, ಬರೆದವರು ಡಾಕ್ಟರೇ ಎಂದು ತಾವೇ ಹೇಳುತ್ತಿದ್ದೀರಿ. ಕೆಂಪು ಇಂಕಿನವರು ಇನ್ನೂ ಹನ್ನೊಂದು ಜನ ಉಳಿದಿದ್ದಾರೆ. ಶನಿವಾರದೊಳಗೆ ಡಾಕ್ಟರಿಗೆ ಇನ್ನೂ ಹನ್ನೊಂದು ಸಲ ಕಾಫಿ ಕುಡಿಯುವ ಆಸೆಯಾಗಲೆಂದು ತಾವೂ ಹಾರೈಸಿರಿ.