ಗುಂಟೂರಿಗೆ ಹೊರಟು ನಿಂತವಳು

ಊರು ಬಿಡುವ ಮಾತನ್ನು ಬಾಯಿಂದ ಆಚೆ ಹಾಕಬಾರದು. ಒಮ್ಮೆ ಹಾಕಿದರೆ ಮುಗಿಯಿತು, ನೀವು ಹೋಗುವ ತನಕ ದಿನಕ್ಕೊಂದು ತಮಾಷೆ ಬಾಗಿಲಿಗೆ ಬಂದು ನಿಲ್ಲುತ್ತದೆ. ಹೋಗದೇ ಉಳಿದಿರೋ, ಅದಕ್ಕೆ ಕೊನೆಯೇ ಇಲ್ಲ. ನನಗೆ ಮೂರು ವರ್ಷದಿಂದ ಇದೇ ನಡೆದಿದೆ.

ರಾಣೆಬೆನ್ನೂರಿನಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ರೊಟ್ಟಿ ನನ್ನದು, ಪಲ್ಯ ನನ್ನದು, ಬಾಯಿಯೂ ನನ್ನದೇ. ಸಂತೆ ಮಾಡಿ ತರುವುದು, ತಾಟು ಇಡುವುದು, ಸುಮ್ಮನಿರುವುದು ನಮ್ಮ ಮನೆಯವರದು. ಒಬ್ಬಳೇ ಮಗಳು. ಬೇಕೆಂದಾಗ ಹೋಗಿ ಬರಬಹುದು ಅಂತಲೇ ಹತ್ತಿರದ ಬ್ಯಾಡಗಿಗೆ ಕೊಟ್ಟೆವು. ಅಳಿಯ ಮೆಣಸಿನಕಾಯಿ ಚೀಲ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಮದುವೆಯಾಗಿ ವರ್ಷ ತುಂಬುವುದರೊಳಗೆ ಅವನಿಗೆ ಆಂಧ್ರದ ಗುಂಟೂರಿನಲ್ಲಿ ಅದೇ ಕೆಲಸ, ಹೆಚ್ಚಿನ ಪಗಾರಕ್ಕೆ ಸಿಕ್ಕಿತು. ಹೊರಟೇಬಿಟ್ಟರು.

ಮೊದಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ಹಾಗಾಗಿ ಮೊಮ್ಮಗಳು ಹುಟ್ಟಿದ್ದು ನಮ್ಮೂರಲ್ಲಿ. ಐದು ತಿಂಗಳು ದಿನಾ ನನ್ನ ಕಾಲ ಮೇಲೆ ಮಲಗಿ ನೀರು ಎರೆಸಿಕೊಂಡಿತು. ಆರನೇ ತಿಂಗಳಿಗೆ ಕರೆದುಕೊಂಡು ಹೋದರು. ಹೋಗಿ ವಾರವಾಗಿರಲಿಲ್ಲ, ಮಗಳ ಫೋನು ಬಂತು.

"ಅವ್ವಾ, ನನಗ ಇಲ್ಲೊಂದು ಸಾಲ್ಯಾಗ ಕಲಸೋ ಕೆಲಸ ಸಿಗೂ ಹಂಗ ಐತಿ. ಕೂಸಿನ್ನ ನೋಡ್ಕೊಳ್ಳಾಕ ಯಾರೂ ಇಲ್ಲ. ನೀನೂ ಅಪ್ಪಾನೂ ಬಂದು ಇಲ್ಲೇ ಇದ್ದುಬಿಡ್ರಿ."

ಹೋಗಬೇಕೋ, ಇಲ್ಲೇ ಇರಬೇಕೋ. ಶುರುವಾದದ್ದು ಅಲ್ಲಿಂದ.

೧. ಯಾರ ಹೂವು?

ಮರುದಿನ ಊಟಕ್ಕೆ ಕೂತವರ ಮುಂದೆ ಈ ಮಾತು ತೆಗೆದದ್ದು ನನ್ನ ಮೊದಲ ತಪ್ಪು. ನಮ್ಮಲ್ಲಿಗೆ ಒಬ್ಬ ಸರ್ವೇ ಸಾಹೇಬರು ಬರುತ್ತಾರೆ. ಹಾವೇರಿಯಲ್ಲಿ ಸಂಸಾರ, ಇಲ್ಲಿ ಕೆಲಸ, ಹನ್ನೊಂದು ವರ್ಷದಿಂದ ಮಧ್ಯಾಹ್ನದ ರೊಟ್ಟಿ ನಮ್ಮದೇ. ಬಾಯಿಗೆ ಹೊರಟಿದ್ದ ತುತ್ತನ್ನು ಅವರು ತಾಟಿಗೆ ಇಳಿಸಿದರು. ಗುಂಟೂರಿನ ಬಿಸಿಲಿಗೆ ಕಾಗೆಯೂ ಹಾರುವುದಿಲ್ಲ, ಜೋಳ ಸಿಗುವುದಿಲ್ಲ, ನೀರು ಹಿಡಿಸುವುದಿಲ್ಲ ಅಂತ ಒಂದೇ ಉಸಿರಿಗೆ ಹೇಳಿದರು. ನೀವು ಯಾವಾಗ ಹೋಗಿದ್ದಿರಿ ಅಂತ ಕೇಳಿದೆ. ತಾವು ದೂರ ಅಂತ ಹೋದದ್ದು ಹುಬ್ಬಳ್ಳಿಗೆ ಮಾತ್ರ ಅಂದರು.

ಮನುಷ್ಯರನ್ನು ಕೇಳಿ ಉಪಯೋಗವಿಲ್ಲ, ದೇವರನ್ನೇ ಕೇಳೋಣ ಅನ್ನಿಸಿತು. ಕದರಮಂಡಲಗಿಯ ಹನುಮಪ್ಪನ ಹತ್ತಿರ ಹೋಗೋಣ ಅಂದೆ. ನಮ್ಮ ಮನೆಯವರು, ಓಣಿಯ ಗುಡಿಯಲ್ಲಿರುವವನೂ ಹನುಮಪ್ಪನೇ, ಬಸ್ಸು ಹತ್ತುವುದು ಯಾಕೆ ಅಂದರು. ಸರಿ, ಶನಿವಾರ ಗುಡಿಗೆ ಹೋದೆ. ಪೂಜಾರಿ ದೇವರ ಮೇಲೆ ಹೂವು ಇಡುತ್ತಾನೆ, ನಾವು ಮನಸ್ಸಿನಲ್ಲೇ ಕೇಳಿಕೊಂಡು ನಿಲ್ಲುವುದು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಉಹೂಂ.

ಕೈಮುಗಿದು ಕಣ್ಣು ತೆರೆದರೆ ಪಕ್ಕದಲ್ಲಿ ಸರ್ವೇ ಸಾಹೇಬರು, ಅವರೂ ಕೈಮುಗಿದುಕೊಂಡು. ಅವತ್ತು ಗದ್ದಲ ಬಹಳ. ಪೂಜಾರಿ ಇಬ್ಬರಿಗೂ ಸೇರಿಸಿ ಒಂದೇ ಸಲ ಹೂವು ಇಟ್ಟುಬಿಟ್ಟಿದ್ದ. ಹೂವು ಟಪ್ಪನೆ ಬಲಕ್ಕೆ ಬಿತ್ತು. ನಾನು ಕೇಳಿದ್ದು, ಮಗಳ ಹತ್ತಿರ ಹೋಗಲೇನಪ್ಪಾ ಅಂತ. ಸಾಹೇಬರು ಕೇಳಿದ್ದು, ಅಕ್ಕಾರು ಇಲ್ಲೇ ಉಳಿಯುತ್ತಾರೇನಪ್ಪಾ ಅಂತ. ಇಬ್ಬರಿಗೂ ದೇವರು ಹೂಂ ಅಂದಿದ್ದ.

ಕಟ್ಟೆಯ ಮೇಲೆ ಕೂತು ಹೂವು ಯಾರದು ಅಂತ ಅರ್ಧ ತಾಸು ವಾದ ಮಾಡಿದೆವು. ಕಡೆಗೆ ಪೂಜಾರಿಯೇ ಹೊರಗೆ ಬಂದು, ಬರುವ ಶನಿವಾರ ಒಬ್ಬೊಬ್ಬರಾಗಿ ಬರ್ರಿ ಅಂದ. ಈಗ ನೆನೆಸಿಕೊಂಡರೆ ಆ ಹೂವು ನನ್ನದೇ, ಮೊದಲು ಬಂದು ನಿಂತವಳು ನಾನು. ಆದರೆ ಹೋಗಲು ಅಂಜಿಕೆಯಿತ್ತು, ಸಾಹೇಬರದೇ ಇರಲಿ ಅಂತ ಬಿಟ್ಟುಕೊಟ್ಟೆ. ಮುಂದಿನ ಶನಿವಾರ ನಾನು ಗುಡಿಗೆ ಹೋಗಲಿಲ್ಲ. ಸಾಹೇಬರು ಹೋಗಿದ್ದರಂತೆ, ಖಾತ್ರಿಗಿರಲಿ ಅಂತ ಎರಡು ಸಲ ಕೇಳಿದರಂತೆ.

೨. ಮೇ ತಿಂಗಳ ನೆಗಡಿ

ಒಮ್ಮೆ ಹೋಗಿ ಇದ್ದು ನೋಡೋಣ, ಆಮೇಲೆ ತೀರ್ಮಾನ ಅಂತ ಹೊರಟೆವು. ಅಷ್ಟರಲ್ಲಿ ಶಾಲೆಯ ಕೆಲಸಕ್ಕೆ ಸೇರಿದ್ದ ಮಗಳಿಗೆ ರಜೆ ಇರುತ್ತದೆ ಅಂತ ಮೇ ತಿಂಗಳನ್ನೇ ಆರಿಸಿಕೊಂಡೆವು. ದಡ್ಡತನಕ್ಕೆ ಅದಕ್ಕಿಂತ ಒಳ್ಳೆಯ ತಿಂಗಳು ಪಂಚಾಂಗದಲ್ಲಿ ಇಲ್ಲ.

ಗುಂಟೂರಿನಲ್ಲಿ ಮಧ್ಯಾಹ್ನ ಗೋಡೆ ಮುಟ್ಟಿದರೆ ಗೋಡೆ ಸುಡುತ್ತದೆ, ಹಾಸಿಗೆ ಮುಟ್ಟಿದರೆ ಹಾಸಿಗೆ ಸುಡುತ್ತದೆ. ಆ ಬಿಸಿಲಿನಲ್ಲಿ ಅಳಿಯ ದಿನಾ ಸ್ವೆಟರ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಕೋಲ್ಡ್ ಸ್ಟೋರೇಜಿನ ಒಳಗೆ ಅದಿಲ್ಲದೆ ನಿಲ್ಲಲು ಆಗುವುದಿಲ್ಲವಂತೆ. ನಮ್ಮ ಮನೆಯವರು ಎರಡು ದಿನ ಆ ಸ್ವೆಟರನ್ನೇ ನೋಡಿದರು. ಮೂರನೇ ದಿನ, ಅಳಿಯಂದಿರ ಕೆಲಸ ಹೇಗಿದೆ ನೋಡಿ ಬರುತ್ತೇನೆ ಅಂತ ಜೊತೆಗೆ ಹೊರಟರು. ಮದುವೆಗೆ ಮುಂಚೆಯೂ ವಿಚಾರಿಸದಿದ್ದ ಅಳಿಯನ ಕೆಲಸದ ಮೇಲೆ ಅವರಿಗೆ ಅಷ್ಟು ಪ್ರೀತಿ ಹುಟ್ಟಿತು. ನಾಲ್ಕು ದಿನ ಬೆಳಗಿನಿಂದ ಸಂಜೆವರೆಗೆ ಮೆಣಸಿನಕಾಯಿ ಚೀಲಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತರು.

ಏಳನೇ ದಿನ ನೆಗಡಿ, ಕೆಮ್ಮು, ಮೈಕೈ ನೋವು. ಬಿಸಿನೀರಿನ ಸ್ನಾನ ಮಾಡಿದರೆ ಹಗುರಾಗುತ್ತದೆ ಅಂತ ಮಧ್ಯಾಹ್ನ ಬಚ್ಚಲಿಗೆ ಹೋದರು. ಹೊರಗೆ ಬಂದವರೇ ಮಗಳನ್ನು ಹೊಗಳಿದರು, ಹೇಳದೇ ನೀರು ಕಾಯಿಸಿ ಇಟ್ಟಿದ್ದಳಂತೆ. ಯಾರೂ ಕಾಯಿಸಿರಲಿಲ್ಲ. ಮೇಲಿನ ಟ್ಯಾಂಕಿನಿಂದ ನಲ್ಲಿಗೆ ಬಂದದ್ದೇ ಹಾಗೆ.

ಡಾಕ್ಟರು ತಮಗೆ ಬರುವಷ್ಟು ಹಿಂದಿಯಲ್ಲಿ ಅಳಿಯನಿಗೆ ಹೇಳಿದರಂತೆ. ಇಷ್ಟು ವರ್ಷದಲ್ಲಿ ಮೇ ತಿಂಗಳಲ್ಲಿ ಬಿಸಿಲು ಹೊಡೆದವರನ್ನು ನೋಡಿದ್ದೇನೆ, ಥಂಡಿ ಹೊಡೆದವರನ್ನು ಇವತ್ತೇ ನೋಡುತ್ತಿದ್ದೇನೆ ಅಂತ.

೩. ಎಣ್ಣೆಗಾಯಿ

ಅದೇ ಸಲ ಮಗಳ ಅಕ್ಕಪಕ್ಕದವರನ್ನು ಊಟಕ್ಕೆ ಕರೆದೆವು. ಮಗಳು ಕೆಲಸಕ್ಕೆ ಸೇರಿದ ಮೇಲೆ ಕೂಸನ್ನು ಹಗಲು ನೋಡಿಕೊಳ್ಳುತ್ತಿದ್ದವಳು ಪಕ್ಕದ ಮನೆಯ ಹೆಂಗಸು. ಅವಳಿಗೆ ಒಂದು ಊಟ ಹಾಕದಿದ್ದರೆ ಹೇಗೆ? ಖಾನಾವಳಿ ನಡೆಸುವವಳು ನಾನು, ಬದನೆಕಾಯಿ ಎಣ್ಣೆಗಾಯಿ ಮಾಡುತ್ತೇನೆ ಅಂತ ಟೊಂಕ ಕಟ್ಟಿದೆ.

ನಮ್ಮ ಬ್ಯಾಡಗಿ ಮೆಣಸಿನಕಾಯಿ ನೋಡಲು ಕೆಂಪು, ತಿನ್ನಲು ಸಾಧು. ಬಣ್ಣ ಬರಬೇಕಾದರೆ ಖಾರಪುಡಿಯನ್ನು ಮುಷ್ಟಿಯಲ್ಲೇ ಹಾಕಬೇಕು. ಮೂವತ್ತು ವರ್ಷದಿಂದ ನನ್ನ ಕೈಗೆ ಗೊತ್ತಿರುವುದು ಅದೊಂದೇ ಅಳತೆ. ಮಗಳ ಡಬ್ಬಿಯಲ್ಲಿದ್ದದ್ದು ಗುಂಟೂರಿನ ಪುಡಿ. ಎರಡು ಮುಷ್ಟಿ ಹಾಕಿದೆ, ಬಣ್ಣ ಸಾಲದು ಅನ್ನಿಸಿ ಇನ್ನೊಂದು ಹಾಕಿದೆ.

ಖಾರ ತಿನ್ನುವುದರಲ್ಲಿ ಹೆಸರು ಮಾಡಿದ ಜನ ಅವರು. ಬೇಡ ಅನ್ನಲು ಅವರಿಗೂ ಮರ್ಯಾದೆ ಅಡ್ಡ ಬಂತು. ಮೊದಲ ತುತ್ತಿಗೆ ಸುಮ್ಮನಾದರು, ಎರಡನೆಯದಕ್ಕೆ ಕಣ್ಣಲ್ಲಿ ನೀರು, ಮೂರನೆಯದಕ್ಕೆ ಪಕ್ಕದ ಮನೆಯ ಯಜಮಾನರು ಎದ್ದು ಫ್ಯಾನಿನ ಕೆಳಗೆ ಹೋಗಿ ಬಾಯಿ ತೆರೆದು ನಿಂತರು. ಆ ಹೆಂಗಸು ಮಾತ್ರ ತಾಟು ಖಾಲಿ ಮಾಡಿ, ಮೂಗು ಒರೆಸಿಕೊಂಡು ಮಗಳಿಗೆ ತೆಲುಗಿನಲ್ಲಿ ಏನೋ ಹೇಳಿದಳು. ಮಗಳು ನಗು ತಡೆದುಕೊಂಡು ನನಗೆ ತಿಳಿಸಿದಳು.

"ನಿಮ್ಮವ್ವ ಇಲ್ಲೇ ಬಂದು ಇರೂದಾದ್ರ ಭಾಳ ಛಲೋ ಆತು, ಆದ್ರ ಅಡಗಿ ನೀನ ಮಾಡು ಅನ್ನಾಕತ್ತಾಳ."

ಇಪ್ಪತ್ತು ದಿನಕ್ಕೆ ಅಂತ ಹೋದವರು ಹನ್ನೊಂದನೇ ದಿನಕ್ಕೆ ಗಂಟು ಕಟ್ಟಿದೆವು. ಮಳೆಗಾಲ ಬರಲಿ, ಬಂದೇಬಿಡುತ್ತೇವೆ ಅಂದೆ. ಹೊರಡುವಾಗ ಕೂಸು ಅಂಬೆಗಾಲಿಡುತ್ತ ಹೊಸ್ತಿಲ ತನಕ ನನ್ನ ಹಿಂದೆ ಬಂತು. ಆ ಹೆಂಗಸು ಅದನ್ನು ಎತ್ತಿಕೊಂಡಳು. ಎತ್ತಿಕೊಳ್ಳಬೇಕಾಗಿದ್ದವಳು ನಾನು.

೪. ಒಂದು ಡಿಗ್ರಿ

ವಾಪಸ್ಸು ಬಂದ ಮೇಲೆ ನಮ್ಮ ಮನೆಯವರು ಒಂದು ಚಟ ಹಚ್ಚಿಕೊಂಡರು. ಬೆಳಿಗ್ಗೆ ಚಹಾ ಕುಡಿಯುತ್ತ ಮೊಬೈಲಿನಲ್ಲಿ ಗುಂಟೂರಿನ ಬಿಸಿಲು ಎಷ್ಟು ಅಂತ ನೋಡಿ ಜೋರಾಗಿ ಓದುವುದು, ಹಿಂದೆಯೇ ರಾಣೆಬೆನ್ನೂರಿನದು ಓದುವುದು. ಬಿಸಿಲಿನ ಸುದ್ದಿಯಲ್ಲಿ ಅಷ್ಟು ಸಂತೋಷ ಪಡುವ ಮನುಷ್ಯನನ್ನು ನಾನು ನೋಡಿರಲಿಲ್ಲ. ನೋಡಿದೆಯಾ, ಹೋಗಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಅನ್ನುತ್ತಿದ್ದರು. ನಾನೂ ಹೌದು ಹೌದು ಅನ್ನುತ್ತಿದ್ದೆ. ನನಗೂ ಅಂಥದ್ದೊಂದು ಮಾತು ದಿನಾ ಬೇಕಾಗಿತ್ತು.

ಎರಡನೇ ವರ್ಷದ ಏಪ್ರಿಲ್‌ನಲ್ಲಿ ಒಂದು ದಿನ ಓದುತ್ತ ಓದುತ್ತ ನಿಂತುಬಿಟ್ಟರು. ಗುಂಟೂರಿನಲ್ಲಿ ಹಿಂದಿನ ದಿನ ಮಳೆಯಾಗಿತ್ತು. ನಮ್ಮೂರು ಅದಕ್ಕಿಂತ ಒಂದು ಡಿಗ್ರಿ ಹೆಚ್ಚು ಕಾದಿತ್ತು. ಚಹಾ ಲೋಟ ಕೆಳಗಿಟ್ಟು, ಈ ಮೊಬೈಲು ಕೆಟ್ಟಿದೆ ಅಂದರು. ಅವತ್ತಿನಿಂದ ಡಿಗ್ರಿ ನೋಡುವುದನ್ನು ಬಿಟ್ಟರು.

೫. ಮೂರು ಉಡಿ

ಹೋಗುವುದು ಗಟ್ಟಿ ಅಂತ ನಾನು ಓಣಿಯಲ್ಲಿ ಸಾರಿದ್ದು ಮೂರು ಸಲ. ಮೊದಲನೆಯದು ಆ ಮೇ ಆದ ಮೇಲೆ ಬಂದ ಶ್ರಾವಣದಲ್ಲಿ. ಹೆಣ್ಣುಮಗಳು ಊರು ಬಿಟ್ಟು ಹೊರಟರೆ ನಮ್ಮಲ್ಲಿ ಬರಿಗೈಲಿ ಕಳಿಸುವುದಿಲ್ಲ. ಓಣಿಯ ಏಳು ಮನೆಯವರು ಕರೆದು ಕೂರಿಸಿ, ಅಕ್ಕಿ, ತೆಂಗಿನಕಾಯಿ, ಕುಬುಸದ ಖಣ ಹಾಕಿ ಉಡಿ ತುಂಬಿದರು. ಇಬ್ಬರು ಅತ್ತರು. ನಾನೂ ಅತ್ತೆ. ಆಮೇಲೆ ದಸರಾ ಮುಗಿಸಿಕೊಂಡು ಹೋದರಾಯಿತು ಅನ್ನಿಸಿತು, ದಸರಾ ಆದ ಮೇಲೆ ದೀಪಾವಳಿ ಬಂತು, ಹೀಗೆ ಉಳಿದೆ.

ಮರುವರ್ಷ ಯುಗಾದಿಗೆ ಮತ್ತೆ ಹೊರಟೆ. ಮತ್ತೆ ಉಡಿ. ಈ ಸಲ ನಾಲ್ಕೇ ಮನೆ, ಯಾರೂ ಅಳಲಿಲ್ಲ. ಬಿಸಿಲು ಏರಿತು ಅಂತ ಮತ್ತೆ ಉಳಿದೆ. ಬೀದಿಯಲ್ಲಿ ಎದುರಾದವರು, ಇನ್ನೂ ಇಲ್ಲೇ ಇದ್ದೀರಾ ಅಂತ ಕೇಳುವುದನ್ನೂ ಬಿಟ್ಟರು.

ಮೂರನೇ ಸಲ ಹೇಳಿದಾಗ ಎದುರು ಮನೆಯ ಅಕ್ಕ ಒಬ್ಬಳೇ ಬಂದಳು. ಅರಿಷಿಣ ಕುಂಕುಮ ಹಚ್ಚಿದಳು, ಅಕ್ಕಿ ಹಾಕಿದಳು, ಖಣ ಇಟ್ಟಳು. ತೆಂಗಿನಕಾಯಿ ಮಾತ್ರ ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಖರೇ ಹೇಳ್ರಿ, ಈ ಸಲನಾದ್ರೂ ಹೊಕ್ಕೀರೇನು? ಇಲ್ಲಂದ್ರ ಈ ಕಾಯಿ ಒಡದು ಚಟ್ನಿ ಮಾಡ್ತೇನಿ, ಮನ್ಯಾಗ ದೋಸಿ ಹಿಟ್ಟು ಐತಿ."

ಚಟ್ನಿ ಮಾಡ್ರಿ ಅಂದೆ. ಸಂಜೆ ನಮಗೂ ಒಂದು ಬಟ್ಟಲು ಕಳಿಸಿದಳು. ಇಷ್ಟು ಜನ ಅಷ್ಟು ಸಲ ಉಡಿ ತುಂಬಿದರೂ ಹೊಸ್ತಿಲು ದಾಟದ ಹೆಂಗಸು ನಾನೊಬ್ಬಳೇ ಇರಬೇಕು. ನಾಚಿಕೆಯಾಯಿತು.

೬. ಒಳಗಿನ ಕೋಣೆ

ಈ ಸಂಕ್ರಾಂತಿಗೆ ಓಣಿಯಲ್ಲಿ ಸಾರದೆ ಹುಬ್ಬಳ್ಳಿಗೆ ಹೋಗಿ ಗುಂಟೂರಿನ ರೈಲು ಹತ್ತಿದೆವು. ಒಂದು ತಿಂಗಳು ಇರುವುದು, ಒಗ್ಗಿದರೆ ಅಲ್ಲೇ ಉಳಿಯುವುದು. ಖಾನಾವಳಿಗೆ ಬೀಗ ಹಾಕಿ, ಸರ್ವೇ ಸಾಹೇಬರ ಹೆಸರಿಗೆ ಎದುರು ಮನೆಯಲ್ಲಿ ಖಡಕ್ ರೊಟ್ಟಿಯ ಡಬ್ಬಿ ಇಟ್ಟು ಬಂದೆ.

ಮೊಮ್ಮಗಳಿಗೆ ಈಗ ಮೂರೂವರೆ. ನಡುವೆ ಒಮ್ಮೆ ಬ್ಯಾಡಗಿಯಲ್ಲಿ ಯಾರದೋ ಮದುವೆ ಅಂತ ಮಗಳು ಕರೆದುಕೊಂಡು ಬಂದಿದ್ದಳು. ಎರಡೇ ದಿನ, ಕೂಸಿಗೆ ಜ್ವರ, ಯಾರ ಕೈಗೂ ಬರಲಿಲ್ಲ. ಅದು ಬಿಟ್ಟರೆ ನಮ್ಮಿಬ್ಬರ ಬಳಕೆಯೆಲ್ಲ ವಿಡಿಯೋ ಕಾಲಿನಲ್ಲೇ. ದಿನಾ ಸಂಜೆ ಏಳಕ್ಕೆ ತಾನೇ ಫೋನು ಹಚ್ಚಿ, ಬಿದ್ದದ್ದು, ಎದ್ದದ್ದು, ಬೆಕ್ಕು ಬಂದದ್ದು ಎಲ್ಲ ಹೇಳುತ್ತಾಳೆ. ನನ್ನನ್ನು ಕಂಡರೆ ಪ್ರಾಣ. ಹಾಗಂತ ನಾನು ತಿಳಿದಿದ್ದೆ.

ಬಾಗಿಲು ತೆರೆದಾಗ ಓಡಿ ಬರುತ್ತಾಳೆ ಅಂತ ಚೀಲ ಕೆಳಗಿಟ್ಟು ಕೈ ಚಾಚಿದೆ. ಅವಳು ಅಮ್ಮನ ಸೀರೆಯ ಹಿಂದೆ ಹೋಗಿ ನನ್ನ ಕಾಲುಗಳನ್ನು ನೋಡುತ್ತ ನಿಂತಳು. ಫೋನಿನಲ್ಲಿ ನಾನು ಕುತ್ತಿಗೆಯವರೆಗೆ ಮಾತ್ರ ಇದ್ದೆನಲ್ಲ. ಶೇಂಗಾ ಉಂಡಿ ಕೊಟ್ಟೆ, ತೆಗೆದುಕೊಂಡು ಓಡಿದಳು. ಸಂಜೆವರೆಗೆ ಗೋಡೆಗುಂಟ ನಡೆದಳೇ ಹೊರತು ನನ್ನ ಹತ್ತಿರ ಬರಲಿಲ್ಲ. ಪಕ್ಕದ ಮನೆಯ ಹೆಂಗಸು ಬಂದಾಗ ಮಾತ್ರ ಜಿಗಿದು ಅವಳ ಸೊಂಟ ಏರಿದಳು. ನನಗೆ ಹೊಟ್ಟೆಕಿಚ್ಚಾಯಿತು, ಆಮೇಲೆ ದುಃಖವಾಯಿತು. ಬಿಸಿಲಿಗೆ ಹೆದರದೆ ಮೊದಲೇ ಬಂದಿದ್ದರೆ ಈ ಕೂಸು ನನ್ನ ಸೊಂಟದ ಮೇಲೆ ಬೆಳೆಯುತ್ತಿತ್ತು. ಆ ಮೂರು ವರ್ಷವನ್ನು ಈಗ ಯಾರು ಕೊಡುತ್ತಾರೆ?

ಏಳು ಗಂಟೆಗೆ ಪಡಸಾಲೆಯಲ್ಲಿ ಕೂತಿದ್ದೆವು. ನನ್ನ ಫೋನು ರಿಂಗಾಯಿತು. ನೋಡಿದರೆ ಮೊಮ್ಮಗಳ ಮುಖ. ಒಳಗಿನ ಕೋಣೆಯಲ್ಲಿ ಅಮ್ಮನ ಫೋನು ಹಿಡಿದು ಕೂತು ನನಗೆ ಹಚ್ಚಿದ್ದಳು. ನಡುವೆ ಒಂದು ಪರದೆ ಅಷ್ಟೇ. ಅವಳ ದನಿ ಫೋನಿನಿಂದಲೂ ಬರುತ್ತಿತ್ತು, ಪರದೆಯ ಆಚೆಯಿಂದಲೂ ಬರುತ್ತಿತ್ತು. ಎದ್ದು ಹೋಗಿ ಎತ್ತಿಕೊಳ್ಳಬಹುದಾಗಿತ್ತು. ಹೋದರೆ ಮಾತು ನಿಲ್ಲಿಸುತ್ತಾಳೆ ಅಂತ ಕೂತಲ್ಲೇ ಕೂತೆ.

"ಅಜ್ಜಿ, ನಮ್ಮ ಮನಿಗೆ ಯಾರೋ ಒಬ್ಬಾಕಿ ಅಜ್ಜಿ ಬಂದಾಳ," ಅಂತ ಪಿಸುಗುಟ್ಟಿದಳು.

"ಹೌದೇನವಾ? ಹೆಂಗದಾಳ?"

"ನಿನ್ನಂಗ ಅದಾಳ. ಆದ್ರ ಭಾಳ ದೊಡ್ಡಾಕಿ."

ನಮ್ಮ ಮನೆಯವರು ಕಿಸಕ್ಕನೆ ನಕ್ಕು, ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡರು. ಮಗಳು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ನಾನೂ ಪಿಸುದನಿಯಲ್ಲೇ ಕೇಳಿದೆ.

"ಹಂಗಾರ ಏನ್ ಮಾಡೂಣು? ಆಕೀನ್ನ ಊರಿಗೆ ಕಳಸೂಣೋ, ಇಲ್ಲೇ ಇರ್ಲೋ?"

ಬಾಯಲ್ಲಿದ್ದ ಉಂಡಿಯನ್ನು ಪೂರ್ತಿ ನುಂಗಿದಳು.

"ಈಗ ಇರ್ಲಿ ಬಿಡು ಅಜ್ಜಿ. ನೀ ಬಂದ ಮ್ಯಾಲೆ ಕಳಸೂಣು."