ಹುಲ್ಲಿನ ಮೇಲೆ ಎರಡು ಕುರ್ಚಿ

ಹೆಂಡತಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಒಂದು ಕಪ್ ಚಹಾ ಕುಡಿಯಬೇಕು. ನರೇಗಲ್ಲಿನ ಅರಳೆ ವ್ಯಾಪಾರಿ ಪ್ರಭುಲಿಂಗಪ್ಪನವರಿಗೆ ಈ ಜನ್ಮದಲ್ಲಿ ಉಳಿದಿದ್ದ ಆಸೆ ಇದೊಂದೇ. ಇದೇನು ಮಹಾ ಎಂದು ನೀವು ನಗಬಹುದು. ನೀವು ಗೌರವ್ವನನ್ನು ನೋಡಿಲ್ಲ. ಮೊಮ್ಮಕ್ಕಳಾದರೂ ಆಕೆ ಗಂಡನಿಗೆ ಚಹಾ ಕೊಡುವುದು ಬಾಗಿಲ ಮರೆಯಿಂದ ಕೈಯಷ್ಟೇ ಚಾಚಿ. ಬೈಯುವುದು ಮಾತ್ರ ಅಂಗಳದ ನಡುವೆ ನಿಂತು, ಓಣಿಗೆಲ್ಲ ಕೇಳುವ ಹಾಗೆ.

ಆಸೆ ಹುಟ್ಟಿದ್ದು ಬೆಳಗಾವಿಯಲ್ಲಿ. ಕನ್ನಡ ನಾಡು ಒಂದಾದ ಮರು ವರ್ಷದ ಬೇಸಿಗೆಯಲ್ಲಿ ವ್ಯಾಪಾರಕ್ಕೆಂದು ಹೋದವರು ಯಾರೋ ವಕೀಲರ ಬಂಗಲೆಯ ಮುಂದೆ ಹುಲ್ಲುಹಾಸನ್ನು ಕಂಡರು. ಜಮಖಾನೆ ಹಾಸಿದಂತೆ ದಟ್ಟ ಹಸಿರು. ಮೇಲೆ ಎರಡು ಬೆತ್ತದ ಕುರ್ಚಿ. ವಕೀಲರೂ ಅವರ ಹೆಂಡತಿಯೂ ಚಹಾ ಕುಡಿಯುತ್ತ ನಗುತ್ತಿದ್ದರು. (ಗಂಡ ಹೆಂಡತಿ ಇಬ್ಬರೂ ಒಂದೇ ಹೊತ್ತಿಗೆ ನಗುವುದನ್ನು ಪ್ರಭುಲಿಂಗಪ್ಪನವರು ಕಂಡದ್ದು ಅದೇ ಮೊದಲು.) ಬೇಲಿಯ ಬಳಿ ಹೋಗಿ ಮಾಲಿಯನ್ನು ಮಾತಿಗೆಳೆದರು.

"ಮಳಿ ಹೆಚ್ಚಾದಲ್ಲೆ ಹುಲ್ಲಿಗೆ ನೀರs ವೈರಿ ನೋಡ್ರಿ," ಎಂದ ಮಾಲಿ. "ಬುಡದಾಗ ನೀರು ನಿಂತ್ರ ಬೇರು ಕೊಳೀತಾವು. ನೀರು ಸರ್ ಅಂತ ಹರದು ಹೋಗಬೇಕು. ಅದನ್ನ ಮೊದಲ ನೋಡ್ಕೋರಿ."

ಪ್ರಭುಲಿಂಗಪ್ಪನವರು ಅದನ್ನು ಮೊದಲು ನೋಡಿಕೊಂಡರು. ಮಿಕ್ಕದ್ದನ್ನು ಕೇಳುವ ಮೊದಲೇ ಎರಡು ಬೆತ್ತದ ಕುರ್ಚಿಗಳನ್ನು ಕೊಂಡು, ಹುಲ್ಲಿನ ಬೇರುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಊರಿಗೆ ಬಂದುಬಿಟ್ಟರು.

ಗೌರವ್ವ ಗೋಣಿ ಬಿಚ್ಚಿ ನೋಡಿದಳು.

"ಅಯ್ಯ ಶಿವನೇ! ಊರ ಮಂದಿ ಹೊಲದಾಗಿನ ಕರಕಿ ಕಿತ್ತು ಕಿತ್ತು ನಡಾ ಮುರಕೊಂಡಾರ. ನೀವು ರೊಕ್ಕಾ ಕೊಟ್ಟು ಬೆಳಗಾಂವಿಯಿಂದ ಕರಕಿ ತಂದೀರೇನ್ರೀ?"

"ಕರಕಿ ಅನಬ್ಯಾಡ. ಇದಕ ಲಾನ್ ಅಂತಾರ."

"ಎಮ್ಮಿ ಏನಂತೈತಿ ಕೇಳೂಣು, ತಡೀರಿ."

"ಗೌರಾ, ಇಲ್ಲಿ ಕೇಳು." ಪ್ರಭುಲಿಂಗಪ್ಪನವರು ಓಣಿಯತ್ತ ನೋಡಿ ದನಿ ತಗ್ಗಿಸಿದರು. "ಇದು ಅಂಗಳದ ತುಂಬ ಬೆಳೀತಂದ್ರ, ಮ್ಯಾಲ ಎರಡು ಕುರ್ಚಿ ಹಾಕಿ, ನಾನೂ ನೀನೂ ಕುಂತು ಚಾ..."

"ಥೂ ನಿಮ್ಮ! ಮೊಮ್ಮಕ್ಕಳನ್ನ ಆಡಸೂ ವಯಸ್ಸಿನ್ಯಾಗ!" ಗೌರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೆ ಆಕೆಯ ಕಣ್ಣು ಒಂದು ಗಳಿಗೆ ಕುರ್ಚಿಗಳತ್ತ ಹೋಗಿ ಬಂತು. "ಆತು. ನಿಮ್ಮ ಹುಲ್ಲು ನನ್ನ ಹಿಮ್ಮಡ ಮುಚ್ಚೂವಷ್ಟು ಬೆಳೀಲಿ. ಊರು ನೋಡಿದ್ರೂ ಸೈ, ಕುರ್ಚಿ ಮ್ಯಾಲ ಕುಂತು ಚಾ ಕುಡೀತೀನಿ. ಅಂಗಳದಾಗ ಬೆಳೀಲಿಲ್ಲೋ, ನನ್ನ ಎಮ್ಮಿ ತಂದು ಅಲ್ಲೇ ಕಟ್ಟಾಕಿ. ಹಿತ್ತಲ ಕೆಸರಿನ್ಯಾಗ ನಿಂತು ನಿಂತು ಅದರ ಕಾಲು ಬಾತಾವು."

ಮಾತು ಮಾತಾಯಿತು. ಮರುದಿನವೇ ಗೌರವ್ವ ತಮ್ಮನ ಮಗನ ಮದುವೆಗೆಂದು ತವರಾದ ಲಕ್ಕಲಕಟ್ಟಿಗೆ ಹೊರಟಳು. ಚಕ್ಕಡಿ ಹತ್ತುವಾಗ ಹೇಳಿದ್ದು ಒಂದೇ ಮಾತು: "ಮಾಳಿಗಿಗೆ ಹಾಳಮಣ್ಣು ಬರತೈತಿ. ಮಳಿ ಹತ್ತೂದ್ರಾಗ ಹಾಕಸ್ರಿ."

ಚಾವಣಿಯೇ ಮಣ್ಣಿನ ಮಾಳಿಗೆಯಾದ ಮನೆಗಳಿಗೆ ಮಳೆಗಾಲದ ಮುಂಚೆ ಬಿಳಿಯ ಹಾಳಮಣ್ಣು ಹಾಕಿಸುವುದು ವರ್ಷವರ್ಷದ ಕೆಲಸ. ಅದರ ಮೇಲೆ ಬಿದ್ದ ನೀರು ಇಂಗುವುದಿಲ್ಲ, ಜಾರಿ ಮಾಳಿಗೆಯಂಚಿನ ದೋಣಿಗೆ ಹರಿದು ಹೊರಗೆ ಬೀಳುತ್ತದೆ. ಈ ಕಾರಭಾರವೆಲ್ಲ ಇಲ್ಲಿಯವರೆಗೆ ಗೌರವ್ವನದೇ. ಪ್ರಭುಲಿಂಗಪ್ಪನವರಿಗೆ ಅಂಗಡಿಯ ಗಾದಿಯಿಂದ ಏಳುವುದೇ ಒಂದು ಮಹಾಪ್ರಸ್ಥಾನ.

ಚಕ್ಕಡಿಯ ಗೋಣೆಪ್ಪ ಮನೆಯ ಮುಂದೆ ಎರಡು ಗುಡ್ಡೆ ಮಣ್ಣು ಸುರಿದ. ಒಂದು ಮಾಳಿಗೆಗೆ ಹಾಳಮಣ್ಣು. ಇನ್ನೊಂದು ಹುಲ್ಲಿಗೆಂದು ತರಿಸಿದ ಕೆರೆಯ ಕಪ್ಪು ಮಣ್ಣು, ಹಳೆಯ ಗೊಬ್ಬರ ಬೆರೆಸಿದ್ದು. ಪ್ರಭುಲಿಂಗಪ್ಪನವರು ಎರಡರ ನಡುವೆ ನಿಂತು ಗಲ್ಲ ಕೆರೆದುಕೊಂಡರು. ಹುಲ್ಲಿಗೆ ವೈರಿ ಯಾರು? ನಿಂತ ನೀರು. ನೀರು ನಿಲ್ಲದ ಮಣ್ಣು ಯಾವುದು? ಆಹಾ! ಬೆಳಗಾವಿಯ ಮಾಲಿಗೂ ಹೊಳೆಯದ ಜ್ಞಾನವು ನರೇಗಲ್ಲಿನಲ್ಲಿ ಉದಯವಾಯಿತು.

"ಬಿಳೀದು ಅಂಗಳಕ್ಕ ಹಾಕು ಗೋಣೆಪ್ಪ. ಕರೀದು ಮಾಳಿಗಿಗೆ."

"ಧಣ್ಯಾರ, ಅವ್ವಾರು ಬರೂತನಕಾ ತಡದ್ರ..."

"ಈ ಮನೀ ಧಣಿ ಯಾರು?"

ಗೋಣೆಪ್ಪ ಸ್ವಲ್ಪ ಯೋಚಿಸಿದ. "ನೀವs ಅಂತ ತಿಳಕೋರಿ," ಎಂದು ಬುಟ್ಟಿ ಎತ್ತಿದ.

ಬೇರು ನೆಟ್ಟಾಯಿತು. ಪ್ರಭುಲಿಂಗಪ್ಪನವರು ಅಂಗಡಿಗೆ ಹೋಗುವ ಮುಂಚೆ ನೀರು ಹಾಕಿದರು, ಬಂದ ಮೇಲೆ ನೀರು ಹಾಕಿದರು. ಅಲ್ಲೊಂದು ಇಲ್ಲೊಂದು ಚಿಗುರು ಕಣ್ಣು ಬಿಟ್ಟು, ಲೋಕವನ್ನು ನೋಡಿ, ಹಳದಿಯಾಗಿ ಮಲಗಿತು. ಮಳೆ ಬರಲಿ, ಎಲ್ಲ ಸರಿಹೋಗುತ್ತದೆ ಎಂದುಕೊಂಡರು. ಮಳೆಯೂ ಬಂತು. ಆ ವರ್ಷ ಬೆಳಗಾವಿಯ ಮಳೆಯೇ ದಾರಿ ತಪ್ಪಿ ನರೇಗಲ್ಲಿನ ಕಡೆ ಬಂದಿತ್ತೋ ಏನೋ, ಶ್ರಾವಣವಿಡೀ ಜಿಟಿಜಿಟಿ. ಅಂಗಳದಲ್ಲಿ ನೀರು ಸರ್ ಎಂದು ಹರಿದು ಹೋಯಿತು, ಜೊತೆಗೆ ಹುಲ್ಲೂ ಹೋಯಿತು. ಉಳಿದದ್ದು ಆಗತಾನೆ ಕ್ಷೌರ ಮಾಡಿಸಿದ ತಲೆಯಂಥ ನುಣ್ಣನೆಯ ನೆಲ.

ತವರಿನಿಂದ ಬಂದಿದ್ದ ಗೌರವ್ವ ದಿನಾ ಅದನ್ನು ನೋಡಿ, "ಎಮ್ಮಿಗೆ ಗೂಟಾ ಹುಡಕಲ್ರೀ?" ಎಂದು ಕೇಳುತ್ತಿದ್ದಳು. (ಅಂಗಳ ಬೆಳ್ಳಗಿದ್ದದ್ದು ಮಾಳಿಗೆಗೆ ಹಾಕಿ ಮಿಕ್ಕ ಮಣ್ಣಿನಿಂದ ಎಂದುಕೊಂಡಿದ್ದಳು.)

"ಶ್ರಾವಣ ಮುಗೀಲಿ," ಎನ್ನುವರು ಪ್ರಭುಲಿಂಗಪ್ಪನವರು. ಆದರೆ ಮೂಲೆಯಲ್ಲಿ ಗೋಣಿ ಹೊದ್ದು ಕೂತ ಕುರ್ಚಿಗಳನ್ನು ಕಂಡರೆ ಅವರಿಗೆ ನಿಜಕ್ಕೂ ಅಳು ಬರುತ್ತಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಬೋಳುತಲೆಯ ಮೇಲೆ ತಟ್ಟನೆ ಒಂದು ಹನಿ ಬಿತ್ತು. ಎರಡನೆಯದು ಝುಣಕದೊಳಗೆ. ಮೂರನೆಯದು ಒಲೆಗೆ ಬಿದ್ದು ಚುಂಯ್ ಎಂದಿತು.

"ಮಾಳಿಗಿ ಸೋರಾಕ ಹತ್ತೇತಿ! ರೀ, ಹಾಳಮಣ್ಣು ಹಾಕಿಸಿದ್ರಿಲ್ಲೋ?"

"ಹಾಕಿಸೇನಿ." (ಎಲ್ಲಿ ಎಂದು ಆಕೆ ಕೇಳಲಿಲ್ಲ. ಅವರು ಹೇಳಲಿಲ್ಲ.)

ಮಳೆ ನಿಂತ ಕೂಡಲೇ ಪ್ರಭುಲಿಂಗಪ್ಪನವರು ನಿಚ್ಚಣಿಕೆ ಹತ್ತಿದರು. ಮಾಳಿಗೆಯ ಮೇಲೆ ತಲೆ ಎತ್ತಿದವರು ಹಾಗೇ ನಿಂತುಬಿಟ್ಟರು. ಈ ತುದಿಯಿಂದ ಆ ತುದಿಯವರೆಗೆ ಹುಲ್ಲು! ದಟ್ಟ ಹುಲ್ಲು, ಮೆತ್ತನೆಯ ಹುಲ್ಲು, ವಕೀಲರ ಅಂಗಳ ನಾಚಬೇಕು ಅಂಥ ಹುಲ್ಲು.

"ಗೌರಾ! ಗೌರಾ! ಲಗೂ ಬಾರ! ಲಾನ್ ಬಂದೈತಿ!"

ಗೌರವ್ವ ಮೇಲೆ ಬಂದಳು. ನೋಡಿದಳು. ಒಂದು ಚಿಟಿಕೆ ಮಣ್ಣು ಎತ್ತಿ ಮೂಸಿದಳು. "ಇದು ಕೆರೀ ಮಣ್ಣು! ಗೊಬ್ಬರ ಬ್ಯಾರೆ! ಹಾಳಮಣ್ಣು ಎಲ್ಲೈತ್ರೀ?"

ಪ್ರಭುಲಿಂಗಪ್ಪನವರು ಬೆರಳನ್ನು ಕೆಳಗೆ ಅಂಗಳದತ್ತ ತೋರಿಸಿದರು.

"ಹುಲ್ಲು ಹುಟ್ಟಬಾರದಂತನs ಅದನ್ನ ಹಾಕೂದ್ರೀ!"

"ಅದಿರಲಿ. ನಿನ್ನ ಹಿಮ್ಮಡ ನೋಡ್ಕೋ."

ಗೌರವ್ವ ಕೆಳಗೆ ನೋಡಿದಳು. ಹಿಮ್ಮಡವಿರಲಿ, ಕಾಲುಂಗುರವೂ ಕಾಣುತ್ತಿರಲಿಲ್ಲ. ಆಕೆ ಮಾತಿಗೆ ತಪ್ಪುವ ಹೆಂಗಸಲ್ಲ. ನಿಟ್ಟುಸಿರು ಬಿಟ್ಟು, "ಕುರ್ಚಿ ತರ್ರಿ. ಚಾ ಮಾಡ್ಕೊಂಡು ಬರತೀನಿ," ಎಂದಳು.

ಅರ್ಧ ಗಂಟೆಯಲ್ಲಿ ಪ್ರಭುಲಿಂಗಪ್ಪನವರು ರೇಶಿಮೆ ರುಮಾಲು ಸುತ್ತಿ ಸಿದ್ಧರಾದರು. ಎರಡು ಕುರ್ಚಿಗಳೂ ಹಸಿರಿನ ನಡುವೆ ಪಕ್ಕ ಪಕ್ಕ ಕೂತವು. ಪಕ್ಕದ ಮಾಳಿಗೆಯಲ್ಲಿ ಬಿರುಕಿಗೆ ಮಣ್ಣು ಮೆತ್ತುತ್ತಿದ್ದ ಸಿದ್ದವ್ವ ಕೆಲಸ ಬಿಟ್ಟು ನೋಡತೊಡಗಿದಳು. ಗೌರವ್ವ ಚಹಾದ ತಾಟು ಹಿಡಿದು ಬಂದು, ಸೆರಗು ಸರಿ ಮಾಡಿಕೊಂಡು, ಊರೆಲ್ಲ ನೋಡುತ್ತಿರುವಂತೆ ಕುರ್ಚಿಯ ಮೇಲೆ ಕೂತಳು. ಪ್ರಭುಲಿಂಗಪ್ಪನವರಿಗೆ ಸ್ವರ್ಗ ಮೂರೇ ಗೇಣು. ಧೋತರ ಎತ್ತಿಕೊಂಡು ಇನ್ನೇನು ಕೂರಬೇಕು.

"ಎಲ್ಲಿ ಕುಂಡ್ರತೀರಿ?" ಗೌರವ್ವ ತಾಟನ್ನು ಅವರ ಕುರ್ಚಿಯ ಮೇಲಿಟ್ಟಳು. "ಗಜೇಂದ್ರಗಡದ ಕಡೆ ಮೋಡ ನೋಡ್ರಿ, ಹ್ಯಾಂಗ ಕಪ್ಪಿಟ್ಟೈತಿ! ಅದು ಇಲ್ಲಿ ಬರೂದ್ರಾಗ ಇದಷ್ಟೂ ಕಿತ್ತಿರಬೇಕು. ಇಲ್ಲಂದ್ರ ರಾತ್ರಿ ಮಾಳಿಗಿ ನಮ್ಮ ಎದಿ ಮ್ಯಾಲ."

"ಮಾತು ಏನಾಗಿತ್ತು ಗೌರಾ?"

"ನಾ ಕುಂತು ಚಾ ಕುಡೀತೀನಿ ಅಂದಿದ್ದೆ. ಕುಂತೇನಿ. ಕುಡ್ಯಾಕ ಹತ್ತೇನಿ."

ರೇಶಿಮೆ ರುಮಾಲಿನ ಪ್ರಭುಲಿಂಗಪ್ಪನವರು ಮೊಣಕಾಲೂರಿ ತಮ್ಮ ಲಾನನ್ನು ಕೀಳತೊಡಗಿದರು. ಗೌರವ್ವ ಚಹಾವನ್ನು ಕಪ್ಪಿನಿಂದ ಬಸಿಗೆ ಹೊಯ್ದುಕೊಂಡು ಸೊರ್ ಎಂದು ಕುಡಿದಳು. ಆರಿ ಹೋಗುತ್ತದೆಂದು ಗಂಡನ ಕಪ್ಪನ್ನೂ ಮುಗಿಸಿದಳು. ಕಿತ್ತ ಹುಲ್ಲಿನ ಮೊದಲ ಸಿವುಡನ್ನು ಅವರು ಕೆಳಗೆ ಎಸೆದರೆ ಅಂಗಳದಿಂದ "ಆಂಯ್" ಎಂಬ ಮಮತೆಯ ದನಿ ಬಂತು. ಬಗ್ಗಿ ನೋಡಿದರೆ ಎಮ್ಮೆ! ಒಣಗಿದ ಬಿಳಿ ನೆಲದ ಮೇಲೆ ಆರಾಮಾಗಿ ನಿಂತು ಹುಲ್ಲು ಮೇಯುತ್ತಿತ್ತು.

"ಇದನ್ನ ಯಾವಾಗ ಕಟ್ಟಿದಿ?"

"ಚಾ ಕುದ್ಯೂವಾಗ. ಅಂಗಳದಾಗ ಬೆಳೀಲಿಲ್ಲಲ್ರೀ, ಅದೂ ಮಾತs ಆಗಿತ್ತು."

"ಪ್ರಭುಲಿಂಗಪ್ಪಾರs," ಸಿದ್ದವ್ವ ಕೂಗಿದಳು, "ಅದು ಮುಗದ ಮ್ಯಾಲ ನಮ್ಮ ಮಾಳಿಗಿಗೂ ಒಂದೀಟು ಬರ್ರಿ!"

ಗೌರವ್ವ ಕಿಸಕ್ಕನೆ ನಕ್ಕಳು. ಕೈತುಂಬ ಕರಿಕೆ ಹಿಡಿದ ಪ್ರಭುಲಿಂಗಪ್ಪನವರು ಕುರ್ಚಿಯ ಮೇಲೆ ರಾಣಿಯ ಹಾಗೆ ಕೂತ ಹೆಂಡತಿಯನ್ನು ನೋಡಿದರು. ಅವರಿಗೂ ನಗು ಬಂದುಬಿಟ್ಟಿತು. ಬೆಳಗಾವಿಯ ವಕೀಲರ ಹಾಗೆಯೇ, ಇಬ್ಬರೂ ಒಂದೇ ಹೊತ್ತಿಗೆ ನಕ್ಕರು.

"ರೀ," ಎಂದಳು ಗೌರವ್ವ, ಕುರ್ಚಿಯ ಬೆತ್ತದ ಕೈ ಸವರುತ್ತ, "ಈ ಕುರ್ಚಿ ಭಾಳ ಚಲೋ ಐತ್ರಿ. ಮುಂದಿನ ವರ್ಷನೂ ಹುಲ್ಲು ಹಚ್ರಿ."